ಅಧಿಕ ಮಾಸದ ಲೆಕ್ಕ

ಯುಗಾದಿಯ ಹಿಂದಿನ ದಿನ ಮಾಟುಂಗದ ಮಾರುಕಟ್ಟೆಗೆ ಹೋಗಿ ಮಾವಿನ ಸೊಪ್ಪು, ಬೇವಿನ ಹೂವು ಕೊಂಡು ತರುವುದು ನಮ್ಮಂಥ ಅನೇಕ ಮುಂಬಯಿ ಕನ್ನಡಿಗರ ರೂಢಿ. ಊರಿನಲ್ಲಿ ಹಿತ್ತಲಿಗೆ ಹೋಗಿ ಕಿತ್ತು ತರುತ್ತಿದ್ದುದಕ್ಕೆ ಇಲ್ಲಿ ದುಡ್ಡು ಕೊಡಬೇಕು. ಅದಿರಲಿ. ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, ಹಳೆಯದೆಲ್ಲ ಹೋಯಿತು, ಹೊಸದು ಬಂತು ಎಂದು ಹೇಳಿಕೊಳ್ಳುತ್ತೇವಲ್ಲ, ಆ ಮಾತು ಎಷ್ಟರಮಟ್ಟಿಗೆ ನಿಜ? ಋತು ಬದಲಾದರೆ ಮನುಷ್ಯನೂ ಬದಲಾಗುತ್ತಾನೆಯೇ?

ಮರವನ್ನು ನೋಡಿ ಕಲಿಯಿರಿ ಎನ್ನುವವರುಂಟು. ನಮ್ಮ ಬೀದಿಯ ಅರಳಿಮರ ಬೇಸಗೆಯ ಮೊದಲಲ್ಲಿ ಎಲೆಯುದುರಿಸಿ, ನೋಡುನೋಡುತ್ತಲೇ ತಾಮ್ರದ ಬಣ್ಣದ ಚಿಗುರು ತಳೆಯುತ್ತದೆ. ನೋಡಲು ಚೆನ್ನ. ಆದರೆ ಉದುರಿದ ಎಲೆಯ ಮೇಲೆ ಮರಕ್ಕೆ ಮುನಿಸಿಲ್ಲ. ನಮ್ಮ ಪಾಡು ಹಾಗಲ್ಲ.

ತಂದೆಯ ಮನೆ ಪಾಲಾದ ವರ್ಷ ಅಣ್ಣನಿಗೂ ನನಗೂ ಮಾತು ನಿಂತಿತು. ಊರು ಬಿಟ್ಟವನಿಗೆ ಹಿಂದಿನ ಎರಡು ಕೋಣೆ ಸಾಲದೇ ಎಂದು ಅವರು ಕೇಳಿದರು. ಆ 'ಬಿಟ್ಟವನು' ಎಂಬ ಶಬ್ದ ನನಗೆ ಕೋಣೆಗಳಿಗಿಂತ ಹೆಚ್ಚು ನಾಟಿತು. ಆಮೇಲೆ ಆರು ಯುಗಾದಿಗಳು ಬಂದುಹೋದವು. ಆರು ಸಲವೂ ಬೇವು-ಬೆಲ್ಲ ತಿಂದೆ. ಸಿಟ್ಟು ಇದ್ದಲ್ಲೇ ಇತ್ತು. ನಿಜ ಹೇಳುವುದಾದರೆ, ವರ್ಷವರ್ಷವೂ ಅಷ್ಟಿಷ್ಟು ಬೆಳೆದೇ ಇತ್ತು.

ಪಂಚಾಂಗ ತಿರುವುವಾಗ ಅಧಿಕ ಮಾಸದ ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಚಾಂದ್ರಮಾನದ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365ಕ್ಕೂ ತುಸು ಹೆಚ್ಚು. ವರ್ಷಕ್ಕೆ ಹತ್ತಿರಹತ್ತಿರ 11 ದಿನದ ಕೊರತೆ. ಸುಮ್ಮನೆ ಬಿಟ್ಟರೆ ಯುಗಾದಿ ಹಿಂದೆ ಹಿಂದೆ ಸರಿಯುತ್ತ, ಹದಿನಾರು ವರ್ಷಗಳಲ್ಲಿ ಸೆಪ್ಟೆಂಬರ್ ತಿಂಗಳ ಸುಮಾರಿಗೆ ಬಂದು ನಿಲ್ಲುತ್ತಿತ್ತು. ಹೆಸರು ಚೈತ್ರ, ಚಿಗುರು ಮಾತ್ರ ಇಲ್ಲ! ಹಾಗಾಗದಿರಲೆಂದು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. 2023ರಲ್ಲಿ ಶ್ರಾವಣ ಎರಡು, 2026ರಲ್ಲಿ ಜ್ಯೇಷ್ಠ ಎರಡು. ಮೊದಲು ಬರುವುದು ಅಧಿಕ, ಆಮೇಲೆ ನಿಜ. ಅಧಿಕದಲ್ಲಿ ಮದುವೆ-ಮುಂಜಿಗಳಿಲ್ಲ; ಅದು ಕೊಡುವ ತಿಂಗಳು. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಅಳಿಯನಿಗೆ 33 ಅನಾರಸೆ ಕೊಡುವ ಪದ್ಧತಿಯಿದೆ. (ಅಳಿಯಂದಿರಿಗೆ ಪಂಚಾಂಗದ ಮೇಲೆ ಭಕ್ತಿ ಹುಟ್ಟಲು ಇದೂ ಒಂದು ಕಾರಣವಿರಬಹುದು.)

ವಸಂತವೇನೋ ತಾನಾಗಿ ಬರುತ್ತದೆ. ನಮ್ಮ ಚೈತ್ರ ವಸಂತದಲ್ಲಿ ಬರುವುದು ಮಾತ್ರ ಯಾರೋ ಲೆಕ್ಕವಿಟ್ಟು ಕೊರತೆ ತುಂಬಿದ್ದರಿಂದ.

ತಪ್ಪು ಅವರದಾದರೆ ನಾನೇಕೆ ತುಂಬಿಕೊಡಬೇಕು ಎಂಬ ಪ್ರಶ್ನೆ ಏಳದೆ ಇರದು. ನನ್ನಲ್ಲೂ ಎದ್ದಿತು. ಆದರೆ ಚಂದ್ರನದೂ ತಪ್ಪಲ್ಲ, ಸೂರ್ಯನದೂ ತಪ್ಪಲ್ಲ. ಇಬ್ಬರ ನಡಿಗೆ ಬೇರೆ. ಅಣ್ಣ ಊರಿನಲ್ಲುಳಿದು ಅಮ್ಮನ ಕೊನೆಯ ದಿನಗಳನ್ನು ನೋಡಿಕೊಂಡರು. ನಾನು ತಿಂಗಳು ತಪ್ಪದೆ ಹಣ ಕಳಿಸಿದೆ. ಅವರ ಲೆಕ್ಕ ರಾತ್ರಿಗಳದು, ನನ್ನದು ರೂಪಾಯಿಗಳದು. ಎರಡೂ ಸರಿಯೇ, ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಷ್ಟೆ. ಪಾಲು ಕೇಳಿದ್ದು ತಪ್ಪೆಂದು ನಾನು ಈಗಲೂ ಒಪ್ಪಲಾರೆ.

ಮೊನ್ನೆ ಅವರಿಗೊಂದು ಕಾಗದ ಬರೆದೆ. ಫೋನು ಮಾಡಿದರೆ ಮೊದಲ ಮಾತಿಗೇ ಜಗಳವಾದೀತೆಂಬ ಅಂಜಿಕೆ. ಕೋಣೆಗಳ ಸುದ್ದಿ ಎತ್ತಲಿಲ್ಲ. ಹಿತ್ತಲ ಬೇವು ಈ ವರ್ಷ ಹೇಗೆ ಹೂ ಬಿಟ್ಟಿದೆ ಎಂದಷ್ಟೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.