ನರ ಎದ್ದ ಕೈ

ಅಜ್ಜಿಯ ಕೈಯ ಮೇಲೆದ್ದ ನರವನ್ನು ಬೆರಳಿನಿಂದ ಒತ್ತಿ, ಅದು ಅಡಗಿ ಮತ್ತೆ ಉಬ್ಬುವುದನ್ನು ನೋಡುವುದು ನಮ್ಮ ಮನೆಯ ಮಕ್ಕಳಿಗೆಲ್ಲ ಒಂದು ಆಟವಾಗಿತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಹೆಚ್ಚುಕಡಿಮೆ ಇದೇ ಆಟದ ಚಿತ್ರವಿದೆ: ತೋಳಿಗೆ ಬಿಗಿದ ಪಟ್ಟಿ, ಉಬ್ಬಿದ ನಾಳ, ಅದನ್ನೊತ್ತಿದ ಬೆರಳು. ಈ ನಾಳಗಳಲ್ಲಿ ರಕ್ತ ಹೃದಯದ ಕಡೆಗೇ ಹರಿಯುತ್ತದೆ, ಒಳಗಿನ ಕವಾಟಗಳು ಅದನ್ನು ಹಿಂದಿರುಗಗೊಡುವುದಿಲ್ಲ ಎಂದು ಆತ ತೋರಿಸಿದ್ದು ಹೀಗೆ. ನಾವು ಅಷ್ಟು ದೂರ ಯೋಚಿಸಿದವರಲ್ಲ. ಅಜ್ಜಿಯ ಆ ಕೈ ಈಗಿಲ್ಲ.

ಮುಪ್ಪಿನಲ್ಲಿ ನರ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದೇ ಕಾಣಿಸಿಕೊಳ್ಳುತ್ತದೆ. ಚರ್ಮ ತೆಳುವಾಗುತ್ತದೆ, ಅದಕ್ಕೆ ಬಿಗಿ ಕೊಡುವ ಕೊಲಾಜೆನ್ ಕುಗ್ಗುತ್ತದೆ, ಕೆಳಗಿನ ಕೊಬ್ಬಿನ ಪದರ ಕರಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿನ ಮೈಯಲ್ಲೂ ನಾಳಗಳು ಹೀಗೆಯೇ ಕಾಣುತ್ತವೆ. ಅಲ್ಲಿ ಕೊಬ್ಬು ಇನ್ನೂ ಕೂಡಿಲ್ಲ, ಇಲ್ಲಿ ಕೂಡಿದ್ದು ಕರಗಿದೆ. ನಡುವಿನ ಕೆಲವು ದಶಕ ಮಾತ್ರ ದೇಹ ತನ್ನ ಒಳಗನ್ನು ಮುಚ್ಚಿಕೊಂಡಿರುತ್ತದೆ. ಆ ಮುಚ್ಚಿದ ರೂಪವೇ ನಿಜವಾದ ರೂಪವೆಂದು ನಂಬಿ, ಮಿಕ್ಕದ್ದನ್ನು ಕೊರತೆಯೆನ್ನುತ್ತೇವೆ.

ಬೆಲೆ ಕಟ್ಟುವುದರಲ್ಲೂ ನಮ್ಮ ಲೆಕ್ಕ ವಿಚಿತ್ರ. ಜಿಮ್ಮಿಗೆ ಹೋಗುವ ಹುಡುಗ ತೋಳಿನ ನರ ಎದ್ದು ಕಾಣಲೆಂದು ಕೊಬ್ಬು ಕರಗಿಸುತ್ತಾನೆ. ವಯಸ್ಸು ಮೀರಿದವರು ಅದೇ ನರ ಮರೆಯಾಗಲೆಂದು ಕೈಗೆ ಚರ್ಮದಡಿ ತುಂಬುವ ಫಿಲ್ಲರ್ ಚುಚ್ಚಿಸಿಕೊಳ್ಳುತ್ತಾರೆ. ಇಬ್ಬರನ್ನು ನೋಡಿಯೂ ನಗುವ ಧೈರ್ಯ ನನಗಿಲ್ಲ. ಒಬ್ಬ ತಾನಾಗಿ ಬಿಟ್ಟುಕೊಟ್ಟ ಕೊಬ್ಬನ್ನೇ ಇನ್ನೊಬ್ಬರು ಕೇಳದೆ ಕಳೆದುಕೊಂಡಿದ್ದಾರೆ.

ನರವನ್ನು ಮುಚ್ಚುವುದು, ತೋರಿಸುವುದು ಎರಡೂ ಕಲ್ಲಿನಲ್ಲೂ ಇವೆ. ಶ್ರವಣಬೆಳಗೊಳದ ಗೊಮ್ಮಟ 10ನೇ ಶತಮಾನದ ಶಿಲ್ಪ. ವರ್ಷವಿಡೀ ನಿಂತು ತಪಗೈದವನೆಂಬ ಪ್ರತೀತಿಯಿದ್ದರೂ ಅವನ ಮೈಮೇಲೆ ನರದ ಸುಳಿವಿಲ್ಲ. ಕಳೆದ ಕಾಲವನ್ನು ಹೇಳುವುದು ತೊಡೆ-ತೋಳುಗಳಿಗೆ ಹಬ್ಬಿದ ಬಳ್ಳಿ, ಪಾದದ ಬಳಿಯ ಹುತ್ತ. ಗಾಂಧಾರದ ಶಿಲ್ಪಿ ಇನ್ನೊಂದು ದಾರಿ ಹಿಡಿದ. ಅಲ್ಲಿನ ಸಿಕ್ರಿಯಲ್ಲಿ ಸಿಕ್ಕಿ, ಈಗ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿರುವ ಉಪವಾಸದ ಬುದ್ಧನ ಮೈಯಲ್ಲಿ ಪಕ್ಕೆಲುಬುಗಳನ್ನೂ ಅವುಗಳ ಮೇಲೆ ಹರಿದ ನಾಳಗಳನ್ನೂ ಬಿಡದೆ ಕಡೆದ. ಗೊಮ್ಮಟನೆದುರು ಮನಸ್ಸು ತಿಳಿಯಾಗುತ್ತದೆ, ನಿಜ. ಆದರೂ ಈಚೀಚೆಗೆ ನನಗೆ ಹತ್ತಿರವೆನಿಸುವುದು ಈ ಬಡಕಲು ದೇಹ. ತಕರಾರು ಒಂದೇ. ಸಿದ್ಧಾರ್ಥನಿಗೆ ಆ ಉಪವಾಸವನ್ನು ಮುರಿಯುವ ಸ್ವಾತಂತ್ರ್ಯವಿತ್ತು. ಸುಜಾತೆ ಕೊಟ್ಟ ಪಾಯಸ ಉಂಡ ಮೇಲೆ ಮೈ ಮತ್ತೆ ತುಂಬಿಕೊಂಡಿರಬೇಕು. ಎಂಬತ್ತರ ಕೈಗೆ ಅಂಥ ಬಟ್ಟಲು ಸಿಕ್ಕರೆ ತೆಗೆದುಕೊಳ್ಳಬೇಕೇ, ಬೇಡವೇ ಎಂಬುದು ನನಗಿನ್ನೂ ಬಗೆಹರಿದಿಲ್ಲ.