ಕುದುರೆಗಳಿಗೂ ಲೆಕ್ಕವಿತ್ತು

ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರವಾಗಿ ಕಾದುತ್ತಿದ್ದ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಭರ್ಜಿ ಸವಾರರು ಪ್ಯಾಲೆಸ್ಟೀನಿನ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಕಿತ್ತುಕೊಂಡರು. ಒಂದು ಕಡೆ ಫಿರಂಗಿ ಹೂಡಿದ್ದ ಕಾರ್ಮೆಲ್ ಗುಡ್ಡ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು, ಎದುರಿಗೆ ಮಷಿನ್‌ಗನ್ನು. ಮೈಸೂರಿನ ಒಂದು ತುಕಡಿ ಗುಡ್ಡ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿತು, ಜೋಧಪುರದವರು ಊರೊಳಗೆ ನುಗ್ಗಿದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕರು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83.

ಕುದುರೆಗಳ ಈ ಲೆಕ್ಕ ಓದಿದಾಗೆಲ್ಲ ನನಗೆ ತುಂಗಭದ್ರೆಯ ದಂಡೆಯ ಊರುಗಳ ನೆನಪಾಗುತ್ತದೆ. ಅದೇ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹರಿಹರ, ದಾವಣಗೆರೆ, ಸಾರಥಿಯಂಥ ಊರುಗಳಲ್ಲಿ ಜನ ಸತ್ತರಲ್ಲ, ಅವರ ಲೆಕ್ಕ ಎಲ್ಲಿದೆ?

ಆ ವರ್ಷದ ಜೂನಿನಲ್ಲಿ ಮುಂಬಯಿ ಬಂದರಿಗೆ ಇನ್‌ಫ್ಲುಯೆಂಜಾ ಕಾಲಿಟ್ಟಿತು. ಜನ ಅದನ್ನು ಬೊಂಬಾಯಿ ಜ್ವರ ಎಂದರು. ಸಿಪಾಯಿಗಳನ್ನು ಹೊತ್ತ ಹಡಗಿನಿಂದ ಅದು ಇಳಿಯಿತು, ರೈಲು ಹತ್ತಿ ಒಳನಾಡಿಗೆ ಬಂತು. ಮೊದಲ ಸುತ್ತು ಅಷ್ಟು ಘೋರವಾಗಿರಲಿಲ್ಲ. ಮಳೆಗಾಲದ ಕೊನೆಗೆ ಬಂದ ಎರಡನೆಯ ಸುತ್ತು ಮನೆಗಳನ್ನೇ ಗುಡಿಸಿಹಾಕಿತು. ಪುಣೆಯಿಂದ ಬೆಂಗಳೂರಿಗೆ ಬರುವ ಮೀಟರ್ ಗೇಜ್ ಹಳಿ ಹುಬ್ಬಳ್ಳಿ ದಾಟಿ, ಹರಿಹರದಲ್ಲಿ ಹೊಳೆ ದಾಟಿ, ದಾವಣಗೆರೆಗೆ ಬರುತ್ತಿತ್ತು. ದಾವಣಗೆರೆ ಹತ್ತಿಯ ಪೇಟೆ. ಸುತ್ತಲ ಹಳ್ಳಿಗಳ ಗಾಡಿಗಳೆಲ್ಲ ಬಂದು ನಿಲ್ಲುವ ಜಾಗ. ರೋಗಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿರಲಿಲ್ಲ. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು.

ಇಡೀ ಯುದ್ಧದಲ್ಲಿ ಸತ್ತ ಭಾರತದ ಸೈನಿಕರು ಸುಮಾರು 74,000. ಜ್ವರದಲ್ಲಿ ಸತ್ತವರು ಎಷ್ಟು? ಮೊದಲು ಸರ್ಕಾರ ಹೇಳಿದ್ದು ಸುಮಾರು 60 ಲಕ್ಷ. 1921ರ ಜನಗಣತಿ ಬಂದ ಮೇಲೆ ಅದು ಒಂದು ಕೋಟಿ ಇಪ್ಪತ್ತು ಲಕ್ಷ ದಾಟಿತು. ಆಮೇಲಿನ ವಿದ್ವಾಂಸರಲ್ಲಿ ಕೆಲವರು ಒಂದು ಕೋಟಿ ಎಂಬತ್ತು ಲಕ್ಷದ ಹತ್ತಿರಕ್ಕೆ ಒಯ್ದರು. ಕೊನೆಯ ಈ ಎರಡು ಅಂದಾಜುಗಳ ನಡುವಿನ ಅಂತರ ಸುಮಾರು 60 ಲಕ್ಷ. 1921ರಲ್ಲಿ ಮೈಸೂರು ಸಂಸ್ಥಾನದ ಇಡೀ ಜನಸಂಖ್ಯೆ ಅಷ್ಟಿತ್ತು. ಹೈಫಾದಲ್ಲಿ ಗಾಯಗೊಂಡ ಕುದುರೆ 83 ಎಂದು ಖಚಿತವಾಗಿ ಬರೆದಿಟ್ಟ ಸಾಮ್ರಾಜ್ಯಕ್ಕೆ, ಒಂದು ಸಂಸ್ಥಾನದಷ್ಟು ಜನ ಸತ್ತರೋ ಉಳಿದರೋ ಎಂಬುದು ಕೊನೆಯವರೆಗೂ ಅನುಮಾನವಾಗಿಯೇ ಉಳಿಯಿತು.

ಇದಕ್ಕೆ ಒಂದು ಸುಲಭದ ಉತ್ತರವಿದೆ. ಕುದುರೆ ಸರ್ಕಾರದ ಆಸ್ತಿ. ಸತ್ತರೆ ಇನ್ನೊಂದನ್ನು ಕೊಳ್ಳಬೇಕು, ಅದಕ್ಕೆ ಲೆಕ್ಕ ಬೇಕು. ಅದು ಪ್ರೀತಿಯ ಲೆಕ್ಕವಲ್ಲ, ಉಗ್ರಾಣದ ಲೆಕ್ಕ. ಹಾಗಿರುವಾಗ ಲೆಕ್ಕಕ್ಕೆ ಸೇರುವುದನ್ನೇ ಒಂದು ಮರ್ಯಾದೆ ಎಂದು ಏಕೆ ಭಾವಿಸಬೇಕು? ಕಂದಾಯಕ್ಕೂ ತಲೆ ಎಣಿಸುತ್ತಾರೆ, ದಂಡಿಗೆ ಸೇರಿಸಿಕೊಳ್ಳಲೂ ತಲೆ ಎಣಿಸುತ್ತಾರೆ. ಎಣಿಕೆಯಿಂದ ತಪ್ಪಿಸಿಕೊಂಡವನೇ ಪುಣ್ಯವಂತ ಎಂದು ನಮ್ಮ ರೈತರು ಬಹುಕಾಲ ನಂಬಿದ್ದರು, ಆ ನಂಬಿಕೆಯಲ್ಲಿ ಸಾಕಷ್ಟು ವಿವೇಕವೂ ಇತ್ತು.

ಈ ಆಕ್ಷೇಪ ತೂಕದ್ದೇ. ಆದರೂ ಅದು ಪೂರ್ತಿ ಸರಿ ಎಂದು ನನಗನಿಸುವುದಿಲ್ಲ. ಉಗ್ರಾಣದ ಲೆಕ್ಕವೇ ಆಗಲಿ, ಒಂದು ಕುದುರೆ ಕಡಿಮೆಯಾದರೆ ಯಾರೋ ಒಬ್ಬ ಅಧಿಕಾರಿ ಮೇಲಿನವರಿಗೆ ಉತ್ತರ ಹೇಳಲೇಬೇಕು. ಸಾರಥಿಯಲ್ಲಿ ಜ್ವರದ ಮಗುವಿಗೆ ಗಂಜಿ ಕುಡಿಸುತ್ತ ತಾನೂ ಮಲಗಿದ ಹೆಂಗಸಿನ ಬಗ್ಗೆ ಯಾರು ಯಾರಿಗೆ ಉತ್ತರ ಹೇಳಬೇಕಿತ್ತು? ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಈ ಜ್ವರ ಮುದುಕರಿಗಿಂತ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ಹೆಚ್ಚಾಗಿ ಒಯ್ದಿತು. ಅದರಲ್ಲೂ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರನ್ನು ಹೆಚ್ಚು ಒಯ್ದಿತು. ಮನೆಯವರ ಆರೈಕೆ ಮಾಡುವವರು ಅವರು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರೂ ಅವರೇ.

ಮಹಾಭಾರತದ ಸ್ತ್ರೀಪರ್ವದಲ್ಲಿ ಒಂದು ಮಾತುಕತೆ ಬರುತ್ತದೆ. ಯುದ್ಧ ಮುಗಿದಿದೆ. ಸತ್ತವರು ಎಷ್ಟು ಎಂದು ಕುರುಡ ಧೃತರಾಷ್ಟ್ರ ಧರ್ಮರಾಯನನ್ನು ಕೇಳುತ್ತಾನೆ. ಅವನು ನೂರ ಅರವತ್ತಾರು ಕೋಟಿ ಇಪ್ಪತ್ತು ಸಾವಿರ ಎನ್ನುತ್ತಾನೆ. ಅಷ್ಟು ಜನ ಆ ಬಯಲಿನಲ್ಲಿ ನಿಲ್ಲಲಿಕ್ಕೂ ಸಾಧ್ಯವಿಲ್ಲ, ಅದು ಕವಿಗೂ ಗೊತ್ತು. ಆದರೆ ಲೆಕ್ಕ ಒಪ್ಪಿಸುವವನು ಯಾರು ಎಂದು ನೋಡಿ: ಗೆದ್ದವನು. ಮುದುಕ ಮತ್ತೆ ಕೇಳುತ್ತಾನೆ, ಬಂಧುಗಳಿಲ್ಲದೆ ಬಿದ್ದವರ ಗತಿಯೇನು? ಧರ್ಮರಾಯ ವಿದುರ, ಧೌಮ್ಯ, ಸಂಜಯ ಮೊದಲಾದವರನ್ನು ಕರೆದು, ಗುರುತು ಹಿಡಿಯುವವರಿಲ್ಲದ ಹೆಣಗಳಿಗೂ ಸಂಸ್ಕಾರ ಮಾಡಿಸುತ್ತಾನೆ. ಗೆದ್ದವನ ಮೊದಲ ಕೆಲಸ ಪಟ್ಟಾಭಿಷೇಕವಲ್ಲ, ಲೆಕ್ಕ ಒಪ್ಪಿಸುವುದು ಎಂದು ಆ ಕಾವ್ಯ ತಿಳಿದಿತ್ತು. 1918ರಲ್ಲಿ ಗೆದ್ದವರು ನವೆಂಬರ್ 11ರಂದು ಗಂಟೆ ಬಾರಿಸಿದರು. ಆ ಹೊತ್ತಿಗೆ ನಮ್ಮ ಊರುಗಳಲ್ಲಿ ಹೊರುವವರಿಲ್ಲದೆ ಹೆಣಗಳು ಮನೆಯಲ್ಲೇ ಉಳಿಯುತ್ತಿದ್ದ ಕಾಲ ಇನ್ನೂ ಮುಗಿದಿರಲಿಲ್ಲ.

ರೋಗಕ್ಕೂ ಯುದ್ಧಕ್ಕೂ ಗಂಟು ಹಾಕುವುದು ನ್ಯಾಯವೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಮಳೆಯನ್ನು ತಡೆದದ್ದು ಯುದ್ಧವಲ್ಲ. ಯುದ್ಧವಿಲ್ಲದಿದ್ದರೂ ಜ್ವರ ಬರುತ್ತಿತ್ತೇನೋ. ಒಪ್ಪುತ್ತೇನೆ. ಆದರೆ ಆ ನಾಲ್ಕು ವರ್ಷ ಇಲ್ಲಿ ಏನೇನು ನಡೆಯಿತು ಎಂದೂ ನೋಡಬೇಕು. ಹಡಗುಗಳು ಯುದ್ಧಕ್ಕೆ ಹೋದ ಮೇಲೆ ಬರ್ಮಾದ ಅಕ್ಕಿ ಬರುವುದು ಕಡಿಮೆಯಾಯಿತು. ರೈಲಿನ ಎಂಜಿನ್ನು, ವ್ಯಾಗನ್ನು, ಹಳಿಗಳೂ ಮೆಸೊಪೊಟೇಮಿಯಾಕ್ಕೆ ಹೋದವು. ಇಲ್ಲಿ ಉಳಿದ ವ್ಯಾಗನ್ನುಗಳಲ್ಲಿ ಮೊದಲ ಪಾಲು ಸೈನ್ಯದ್ದು. 1914ರಲ್ಲಿ ಜರ್ಮನಿ, ಆಸ್ಟ್ರಿಯಾಗಳ ಮಾರುಕಟ್ಟೆ ಮುಚ್ಚಿದ್ದರಿಂದ ಹತ್ತಿಯ ಬೆಲೆ ನೆಲಕ್ಕೆ ಬಿತ್ತು. ಯುದ್ಧದ ಕೊನೆಗೆ ಬಟ್ಟೆಯ ಬೆಲೆ ಎಷ್ಟೇರಿತೆಂದರೆ, ಹತ್ತಿ ಬೆಳೆದವನಿಗೇ ಒಂದು ಸೀರೆ ಕೊಳ್ಳುವುದು ಕಷ್ಟವಾಯಿತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಜನ ಸಂತೆಗಳನ್ನೇ ಲೂಟಿ ಮಾಡಿದರು. ಇದರಲ್ಲಿ ಯಾವುದೂ ಸಾರಥಿಯವರನ್ನು ಕೊಲ್ಲಬೇಕೆಂದು ಮಾಡಿದ್ದಲ್ಲ. ಆದರೆ ವ್ಯಾಗನ್ನಿನಲ್ಲಿ ಸೈನ್ಯದ ಮೇವು ಹೋಗಲಿ, ಜನರ ಜೋಳ ಕಾಯಲಿ ಎಂದು ಒಬ್ಬರು ಎಲ್ಲೋ ಕುಳಿತು ತೀರ್ಮಾನಿಸುತ್ತಾರೆ. ಕೊಲ್ಲುವ ಉದ್ದೇಶವಿಲ್ಲ ಎಂಬ ಒಂದೇ ಕಾರಣಕ್ಕೆ ಆ ತೀರ್ಮಾನ ನೈಸರ್ಗಿಕ ವಿಕೋಪವಾಗಿಬಿಡುವುದಿಲ್ಲ. ಯಾರನ್ನು ಕಾಯಿಸುತ್ತೇವೆ ಎಂಬುದು ಆಳುವವರು ಮಾಡುವ ಆಯ್ಕೆ, ಅದರ ಹೊಣೆಯೂ ಅವರದೇ.

ಸವಾರನಿಗಾದರೂ ಸಂಬಳವಿತ್ತು, ಸಮವಸ್ತ್ರವಿತ್ತು, ಮನೆಗೆ ಬರುವ ಕಾಗದವಿತ್ತು. ಅವನು ಒಪ್ಪಿ ಹೋದನೇ ಎಂಬುದು ಬೇರೆ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ದಂಡನ್ನೂ ಕಳಿಸಿದರು. 1881ರಲ್ಲಿ ರಾಜ್ಯವನ್ನು ಷರತ್ತಿನ ಮೇಲೆ ಮರಳಿ ಪಡೆದ ಮನೆತನಕ್ಕೆ ಬೇರೆ ದಾರಿ ಎಷ್ಟಿತ್ತೋ. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಮರಾಠರೂ ಅರಸರೂ ದಕ್ಕನಿ ಮುಸಲ್ಮಾನರೂ ಇದ್ದರು. ಖಲೀಫನೆಂದು ತಮ್ಮ ಮತದವರೇ ಗೌರವಿಸುವ ತುರ್ಕರ ಸುಲ್ತಾನನ ಸೈನ್ಯದ ಮೇಲೆ ಅವರಲ್ಲಿ ಕೆಲವರು ಭರ್ಜಿ ಎತ್ತಬೇಕಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1921ರ ಜುಲೈ 1ರಂದು, ಧಾರವಾಡದಲ್ಲಿ ಅದೇ ಖಲೀಫನ ಪರವಾದ ಚಳವಳಿಯಲ್ಲಿದ್ದ ಸ್ವಯಂಸೇವಕರು ಹೆಂಡದಂಗಡಿಯ ಮುಂದೆ ಪೊಲೀಸರ ಗುಂಡಿಗೆ ಬಿದ್ದರು. ಒಬ್ಬರ ಯುದ್ಧ ಇನ್ನೊಬ್ಬರ ಕ್ರಾಂತಿಯಾಗುವ ವೇಗ ಹೀಗಿತ್ತು.

ನಾವು ಕಲ್ಲು ನಿಲ್ಲಿಸಿರುವುದು ಯಾರಿಗೆ ಎಂದು ನೋಡಿದರೆ ನಮ್ಮ ಅಭ್ಯಾಸವೂ ತಿಳಿಯುತ್ತದೆ. ದನ ಹೊಡೆಯಲು ಬಂದ ಕಳ್ಳರ ಜೊತೆ ಕಾದಾಡಿ ಸತ್ತವನಿಗೆ ವೀರಗಲ್ಲು. ಹೈಫಾದ ಸವಾರರಿಗೆ ದೆಹಲಿಯಲ್ಲಿ ತೀನ್ ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ತಂಭ. 1942ರಲ್ಲಿ ದಾವಣಗೆರೆಯಲ್ಲಿ ಗುಂಡಿಗೆ ಬಿದ್ದವರಿಗೆ ಊರಲ್ಲೇ ಸ್ಮಾರಕ. ಇವೆಲ್ಲ ಸರಿಯೇ. ಆದರೆ ಇವರೆಲ್ಲರ ಎದುರು ಒಬ್ಬ ಶತ್ರುವಿದ್ದ. ಎದುರಾಳಿಯಿಲ್ಲದೆ ಸತ್ತವರನ್ನು ನೆನೆಯಲು ನಮಗೆ ಬರುವುದಿಲ್ಲ. ಪ್ಲೇಗು ಬಂದಾಗ ಅದನ್ನೇ ಅಮ್ಮನನ್ನಾಗಿ ಮಾಡಿ ಗುಡಿ ಕಟ್ಟಿದೆವು; ಮಾರಿಯನ್ನು ಊರ ಗಡಿ ದಾಟಿಸಿ ಕೈ ತೊಳೆದುಕೊಂಡೆವು. ಕೋಪ ಮಾಡಿಕೊಳ್ಳಲು, ಬೇಡಿಕೊಳ್ಳಲು ಒಂದು ಮುಖ ಬೇಕಿತ್ತು. ಅದು ಜನರ ಜಾಣತನ ಎಂದೇ ನನಗೆ ಕಾಣುತ್ತದೆ. ಆದರೆ ವ್ಯಾಗನ್ನುಗಳನ್ನು ಹಂಚಿದ ಕಚೇರಿ ಆ ಮುಖದ ಮರೆಯಲ್ಲಿ ನೆಮ್ಮದಿಯಾಗಿ ಉಳಿದುಕೊಂಡಿತು.

ಮಾರಿಯ ಹಾಗೆಯೇ ಹೊಣೆಯೂ ಗಡಿ ದಾಟುತ್ತ ಹೋಯಿತು. ಆಗ ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರದ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಒಂದೇ ಸಂತೆಗೆ ಬರುವ, ಹೆಣ್ಣು ಕೊಟ್ಟು ತರುವ ಊರುಗಳು ಮೂರು ಸರ್ಕಾರಗಳ ಕೆಳಗಿದ್ದವು. ಸಾವು ಬರೆಯಬೇಕಾದವರು ಒಂದು ಕಡೆ ಪಟೇಲ, ಶ್ಯಾನುಭೋಗ. ಇನ್ನೊಂದು ಕಡೆ ಗೌಡ, ಕುಲಕರ್ಣಿ. ಮತ್ತೊಂದು ಕಡೆ ಕರಣಂ. ಜ್ವರ ಬರೆಯುವವರನ್ನೂ ಬಿಡಲಿಲ್ಲ. ಇಂದಿನ ಕರ್ನಾಟಕದ ಪ್ರದೇಶವನ್ನೆಲ್ಲ ಒಟ್ಟು ಮಾಡಿ ನೋಡಿದರೆ 1911ರಲ್ಲಿ 1 ಕೋಟಿ 35 ಲಕ್ಷವಿದ್ದ ಜನ 1921ರಲ್ಲಿ 1 ಕೋಟಿ 34 ಲಕ್ಷಕ್ಕೂ ಕಡಿಮೆ. ಕಳೆದ ಶತಮಾನದಲ್ಲಿ ನಮ್ಮ ಸಂಖ್ಯೆ ಕುಗ್ಗಿದ್ದು ಆ ಒಂದೇ ದಶಕದಲ್ಲಿ. ಶಾಲೆಯ ಪಾಠದಲ್ಲಿ ಆ ದಶಕವೆಂದರೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯನವರ ದಿವಾನಗಿರಿ, ಮೈಸೂರು ವಿಶ್ವವಿದ್ಯಾಲಯ.

ಕಲ್ಲಿನ ಇನ್ನೊಂದು ಸ್ಮಾರಕ ನನಗೆ ಬೇಕಿಲ್ಲ. ಬೇಕಿರುವುದು ಲೆಕ್ಕ. ಮೈಸೂರಿನ ಕಾಗದಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ, ರಾಣೆಬೆನ್ನೂರು ಕಡೆಯವು ಮುಂಬೈಯಲ್ಲಿ, ಹರಪನಹಳ್ಳಿಯ ಕಡೆಯವು ಚೆನ್ನೈಯಲ್ಲಿ ಸಿಗಬೇಕು. ದಾವಣಗೆರೆಯಲ್ಲಿ 2009ರಿಂದ ಒಂದು ವಿಶ್ವವಿದ್ಯಾಲಯವೇ ಇದೆ. ಈ ಮೂರು ಊರುಗಳಿಗೂ ಓಡಾಡಿ, ಹೊಳೆಯ ಎರಡು ದಂಡೆಯ ಹಳ್ಳಿಗಳಲ್ಲಿ 1918ರ ಆ ನಾಲ್ಕು ತಿಂಗಳು ಸತ್ತವರನ್ನು ಊರೂರಾಗಿ ಎಣಿಸುವ ಕೆಲಸವನ್ನು ಅಲ್ಲಿನ ಯಾರಾದರೂ ವಿದ್ಯಾರ್ಥಿ ಕೈಗೆತ್ತಿಕೊಳ್ಳಲಿ. ಹಳೆಯ ಮನೆಗಳಲ್ಲಿ ಖಾತೆಕಿರ್ದಿ, ದಫ್ತರ, ಮಠದ ಕಡತ ಇಟ್ಟುಕೊಂಡವರು ಅವರಿಗೆ ಬಾಗಿಲು ತೆರೆಯಲಿ.