ಮಾದಪ್ಪನ ಮುಂದೆ ತೋರಿಕೆ ನಡೆಯದು

ಎಪ್ಪತ್ತೇಳು ಮಲೆಯ ಒಡೆಯ, ಮಾಯಕಾರ ಮಾದಪ್ಪನ ಸನ್ನಿಧಿಗೆ ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜನ ಲಕ್ಷಗಟ್ಟಲೆ ಬರುತ್ತಾರೆ. ತಾಳಬೆಟ್ಟದಿಂದ ಬರಿಗಾಲಲ್ಲಿ ಹತ್ತುವವರುಂಟು, ಮುಡಿ ಕೊಡುವವರುಂಟು, ಉರುಳುಸೇವೆ ಮಾಡುವವರುಂಟು. ಅಷ್ಟು ಕಷ್ಟಪಟ್ಟು ಬಂದ ಭಕ್ತಿಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಭಕ್ತಿಯ ಬೆನ್ನಿಗೇ ಡಂಭವೂ ಬೆಟ್ಟ ಹತ್ತಿ ಬರುತ್ತದೆ.

2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟು ರದ್ದಾದವು. ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30 ಕಡೆಯ ದಿನವಾಗಿತ್ತು. ಅದು ಕಳೆದ ಮೇಲೂ ಎಷ್ಟೋ ದೇವಸ್ಥಾನಗಳ ಹುಂಡಿಯಲ್ಲಿ ಅವೇ ನೋಟುಗಳು! ಅಂಗಡಿಯವನು ಮುಟ್ಟದ, ಬ್ಯಾಂಕು ಬೇಡ ಅಂದ ಕಾಗದವನ್ನು ಕೈಮುಗಿದು ದೇವರಿಗೆ ಹಾಕಿದ್ದರು. ಹರಕೆಗೆ ಅಂತ ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ಮರೆತ ಮುದುಕಿಯರದೂ ಅದರಲ್ಲಿ ಇದ್ದೀತು, ಅವರ ಮಾತು ಬೇರೆ. ಇದು ತಿಳಿದೂ ಹಾಕಿದವರ ಮಾತು.

ತುಲಾಭಾರಕ್ಕೆ ಮಗನನ್ನು ಕೂರಿಸಿದ ವ್ಯಾಪಾರಿ, ದೇವರ ಪಾಲು ಕಡಿಮೆ ಆದೀತು ಅಂತ ಇನ್ನೊಂದು ಅಚ್ಚು ಬೆಲ್ಲ ಮೇಲಿಡುತ್ತಾನೆ. ಊರಿಗೆ ಹೋದ ಮೇಲೆ ಅದೇ ಕೈ ಅಂಗಡಿಯ ತಕ್ಕಡಿಯನ್ನು ಮೆಲ್ಲಗೆ ಒತ್ತುತ್ತದೆ. ಕೂಲಿ ಮುಗಿಸಿ ಅರ್ಧ ಕೆ.ಜಿ. ಬೇಳೆಗೆ ಬಂದ ಹೆಣ್ಣುಮಗಳಿಗೆ ಅದು ಕಾಣುತ್ತದೆ. ಅಂಗಡಿಯಲ್ಲಿ ಸಾಲವಿದೆ, ಸುಮ್ಮನಿರುತ್ತಾಳೆ. ಅವನ ಹಣೆಯ ವಿಭೂತಿ ನೋಡಿ ಅವಳಿಗೆ ದೇವರ ಮೇಲೇ ಬೇಸರ ಬರುತ್ತದೆ. ಡಾಂಭಿಕನು ಮಾಡುವ ದೊಡ್ಡ ಕೇಡು ಇದೇ.

ಮನೆಯೊಳಗಿನ ನೋವು ಇನ್ನೂ ಹೆಚ್ಚಿನದು. ಮಗ ದಾಸೋಹಕ್ಕೆ ಅಕ್ಕಿ ಮೂಟೆ ಕೊಟ್ಟು ರಸೀತಿ ಪಡೆಯುತ್ತಾನೆ. ಮನೆಯಲ್ಲಿ ತಾಯಿ ಮಾತ್ರೆ ಮುಗಿದು ವಾರವಾದರೂ ಕೇಳಲು ಹೆದರುತ್ತಾಳೆ. "ನಿಮ್ಮ ಮಗ ಎಂಥ ದೈವಭಕ್ತ ಕಣಮ್ಮ" ಅಂತ ನೆರೆಯವರು ಹೊಗಳಿದರೆ ಆಕೆ "ಹೂಂ ಕಣವ್ವ" ಅನ್ನಬೇಕು. ಮಗನ ಮಾನ ಕಾಯಲು ಹೂಂ ಅನ್ನುತ್ತಾಳೆ. ಆ ಹೂಂ ಎಷ್ಟು ಭಾರವೋ ಆ ತಾಯಿಗೇ ಗೊತ್ತು, ಮೂಲೆಯಲ್ಲಿ ಕೂತು ನೋಡುವ ಮೊಮ್ಮಗನಿಗೂ ಗೊತ್ತು.

ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಕೇಳಿದವರಿಗೆ ಮಾದಪ್ಪನ ಮನಸ್ಸು ತಿಳಿದಿದೆ. ಗಂಡ ನೀಲೇಗೌಡ ಕಾಡಿಗೆ ಹೊರಟಾಗ ಸಂಕಮ್ಮನ ನಡತೆಯ ಮೇಲೆ ಸಂಶಯಪಟ್ಟು, ಆಣೆಭಾಷೆ ಕೇಳಿ ಹಿಂಸೆ ಕೊಟ್ಟ. ಸ್ವಾಮಿ ಜಂಗಮನಾಗಿ ಬಂದದ್ದು ಅವಳ ಬಾಗಿಲಿಗೆ. ಕಾರಯ್ಯ, ಬಿಲ್ಲಯ್ಯ ಅವಳಿಗೆ ವರದಿಂದ ಹುಟ್ಟಿದ ಮಕ್ಕಳು. ಮನೆಯೊಳಗೆ ಬಾಯಿಬಿಡಲಾಗದೆ ಕೂತವರ ಕಡೆಗೇ ಸ್ವಾಮಿ ಮೊದಲು ನಡೆಯುತ್ತಾನೆ.

ಹಾಗಂತ ಎಲ್ಲರನ್ನೂ ಡಾಂಭಿಕರು ಅನ್ನಬಾರದು. ಮಾದಪ್ಪನ ಮೇಲೆ ಆಣೆಯಿಟ್ಟು ಕುಡಿತ ಬಿಟ್ಟವನು ಮೂರು ತಿಂಗಳಿಗೆ ಮತ್ತೆ ಕುಡಿದರೆ, "ಎಲ್ಲಾ ನಾಟಕ" ಅಂತ ಊರು ನಗುತ್ತದೆ. ಎಡವಿ ಬಿದ್ದವನು ಬೇರೆ, ಬಿದ್ದೇ ಇಲ್ಲ ಅಂತ ನಟಿಸುವವನು ಬೇರೆ. ಬಿದ್ದವನಿಗೆ ನಾಚಿಕೆಯಿದೆ, ಹೆಂಡತಿಯ ಮುಖ ನೋಡಲಾರ. ನಗುವವರಲ್ಲಿ ಬಾಗಿಲು ಹಾಕಿಕೊಂಡು ಕುಡಿಯುವವರು ಎಷ್ಟು ಜನವೋ! ಅವರ ನಗೆಗೆ ಹೆದರಿ ಅವನು ಬೆಟ್ಟಕ್ಕೆ ಬರುವುದನ್ನು ನಿಲ್ಲಿಸಬೇಕಾಗಿಲ್ಲ. ಮುಂದಿನ ಅಮಾವಾಸ್ಯೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಲಿ. ಅಂತರಗಂಗೆಯಲ್ಲಿ ಮಿಂದು, ಆಣೆ ಮುರಿದದ್ದನ್ನು ಮುಚ್ಚಿಡದೆ ಸ್ವಾಮಿಗೆ ಹೇಳಿ, ಎಣ್ಣೆಮಜ್ಜನ ಕಣ್ತುಂಬ ನೋಡಿ, ದಾಸೋಹದಲ್ಲಿ ಉಂಡು ಹೋಗಲಿ.

ಉಘೇ ಮಾದಪ್ಪ!